ಆರ್‌ಸಿ ಟ್ರಕ್‌ಗೆ ಎಲ್‌ಇಡಿ ಲೈಟ್: ವೈರಿಂಗ್ ನೀವೇ ಮಾಡಿ

ಕತ್ತಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಕಲ್ಲು ಹತ್ತುವ ಪುಟ್ಟ ಆರ್‌ಸಿ, ಅಂದರೆ ರಿಮೋಟ್‌ನಿಂದ ಓಡುವ, ಟ್ರಕ್ ನೋಡುವುದೇ ಒಂದು ಖುಷಿ. ರೆಡಿಮೇಡ್ ಲೈಟ್ ಕಿಟ್ ಸಿಗುತ್ತದೆ ನಿಜ. ಆದರೆ ನಾವೇ ವೈರಿಂಗ್ ಮಾಡಿದರೆ ಬೇಕಾದ ಕಡೆ ಬೇಕಾದಷ್ಟು ಲೈಟ್ ಹಾಕಬಹುದು, ಮುಂದೆ ಒಂದು ಕೆಟ್ಟರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಿರುತ್ತದೆ.

ಮೊದಲ ಪ್ರಶ್ನೆ, ಕರೆಂಟ್ ಎಲ್ಲಿಂದ? ಮೇನ್ ಬ್ಯಾಟರಿಯಿಂದ ನೇರವಾಗಿ ಎಳೆಯಬೇಡಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತೀರಾ ಇಳಿದಾಗ ಮೋಟರಿನ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ಮೋಟರನ್ನು ನಿಲ್ಲಿಸುತ್ತದೆ, ಆದರೆ ನೇರ ಕೊಟ್ಟ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ. ರಾತ್ರಿಯಿಡೀ ಮರೆತರೆ ಬ್ಯಾಟರಿಯೇ ಹೋಯಿತು. ಅದಕ್ಕಿಂತ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ನಲ್ಲಿ ಖಾಲಿ ಇರುವ ಚಾನೆಲ್ ಒಳ್ಳೆಯದು, ಟ್ರಕ್ ಆಫ್ ಮಾಡಿದರೆ ಲೈಟೂ ಆಫ್. ಒಂದು ಹಳೆಯ ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರ್) ವೈರ್ ತೆಗೆದುಕೊಂಡು ಆ ಚಾನೆಲ್‌ಗೆ ಚುಚ್ಚಿ. ನಡುವಿನ ಕೆಂಪು ಪ್ಲಸ್, ಕಪ್ಪು ಅಥವಾ ಕಂದು ಮೈನಸ್. ಮೂರನೆಯದು ಸಿಗ್ನಲ್, ನಮಗೆ ಬೇಡ, ತುದಿ ಮುಚ್ಚಿಬಿಡಿ. ಅಲ್ಲಿ 5 ವೋಲ್ಟ್ ಇರಬಹುದು, 6 ಇರಬಹುದು, ಕೆಲವದರಲ್ಲಿ 7.4 ಕೂಡ. ಮಲ್ಟಿಮೀಟರ್ ಇಟ್ಟು ನೋಡಿ ಬರೆದಿಟ್ಟುಕೊಳ್ಳಿ.

ಈಗ ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್. ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದದ್ದು ಇಲ್ಲೇ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು, ಕೆಂಪಿಗೆ 2. ಉಳಿದ ವೋಲ್ಟೇಜನ್ನು ರೆಸಿಸ್ಟರ್ ನುಂಗಬೇಕು. ಸಾಮಾನ್ಯ 3 ಅಥವಾ 5 ಮಿಲಿಮೀಟರ್ ಎಲ್‌ಇಡಿ 20 ಮಿಲಿಆಂಪಿಯರ್ ತಡೆಯುತ್ತದೆ, ಆದರೆ 15 ಕೊಟ್ಟರೂ ಬೆಳಕು ಧಾರಾಳ. ನಿಮ್ಮ ರಿಸೀವರ್ 6 ವೋಲ್ಟ್ ಕೊಡುತ್ತಿದ್ದರೆ, ಬಿಳಿಗೆ 6ರಲ್ಲಿ 3 ಕಳೆದು ಉಳಿದ 3ನ್ನು 0.015ರಿಂದ (15 ಮಿಲಿಆಂಪಿಯರ್ ಅಂದರೆ 0.015 ಆಂಪಿಯರ್) ಭಾಗಿಸಿ, 200 ಓಮ್ ಬರುತ್ತದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಇರುವ 220 ಹಾಕಿ. ಕೆಂಪಿಗೆ ಇದೇ ಲೆಕ್ಕದಲ್ಲಿ 270.

ಎರಡು ಹೆಡ್‌ಲೈಟ್‌ಗೆ ಒಂದೇ ರೆಸಿಸ್ಟರ್ ಸಾಲದಾ ಅಂತ ಅನಿಸುತ್ತದೆ, ಅಲ್ವಾ? ನಾನೂ ಮೊದಲ ಟ್ರಕ್‌ನಲ್ಲಿ ಹಾಗೇ ಮಾಡಿದ್ದೆ, ಒಂದು ಕಣ್ಣು ಚೆನ್ನಾಗಿ ಉರಿಯಿತು, ಇನ್ನೊಂದು ಮಂಕು. ಒಂದೇ ಪೊಟ್ಟಣದ ಎರಡು ಎಲ್‌ಇಡಿಗಳೂ ಅಚ್ಚು ಒಂದೇ ತರ ಇರುವುದಿಲ್ಲ, ಕಡಿಮೆ ವೋಲ್ಟೇಜ್ ಸಾಕಾಗುವುದು ಜಾಸ್ತಿ ಕರೆಂಟ್ ಎಳೆದುಕೊಳ್ಳುತ್ತದೆ. ಹಾಗಾಗಿ ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್. ಎರಡು ಬಿಳಿ ಎಲ್‌ಇಡಿಯನ್ನು ಒಂದರ ಹಿಂದೆ ಒಂದು ಜೋಡಿಸಿದರೂ ಪ್ರಯೋಜನವಿಲ್ಲ, 6 ವೋಲ್ಟ್ ಅವೆರಡಕ್ಕೇ ಖರ್ಚಾಗಿ ಸರಿಯಾಗಿ ಉರಿಯುವುದೇ ಇಲ್ಲ.

ಉದ್ದ ಕಾಲು ಪ್ಲಸ್, ಚಿಕ್ಕದು ಮೈನಸ್. ಕಾಲು ಕತ್ತರಿಸಿದ ಮೇಲೆ ಗೊಂದಲವಾದರೆ ತಲೆಯ ಅಂಚು ನೋಡಿ, ಚಪ್ಪಟೆ ಇರುವ ಕಡೆ ಮೈನಸ್. ರೆಸಿಸ್ಟರನ್ನು ಯಾವ ಕಾಲಿಗೆ ಹಾಕಿದರೂ ಸರಿ, ನಾನು ಯಾವಾಗಲೂ ಪ್ಲಸ್‌ಗೇ ಹಾಕುತ್ತೇನೆ, ಆಮೇಲೆ ಗುರುತು ಹಿಡಿಯುವುದು ಸುಲಭ. ತೆಳು ವೈರ್ ಸಾಕು. ಸೋಲ್ಡರ್ ಮಾಡುವ ಮುಂಚೆಯೇ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಜೋಡಣೆಯನ್ನು ಮುಚ್ಚುವ ಕೊಳವೆ) ವೈರ್‌ಗೆ ತೂರಿಸಿ, ಆಮೇಲೆ ತೂರಿಸಲು ದಾರಿ ಇರುವುದಿಲ್ಲ. ಒಂದು ಕಾಲಿನ ಮೇಲೆ ಮೂರು ಸೆಕೆಂಡಿಗಿಂತ ಜಾಸ್ತಿ ಬಿಸಿ ಬೇಡ.

ಬಾಡಿಗೂ ಚಾಸಿಗೂ ನಡುವೆ ಒಂದು ಪ್ಲಗ್ ಇರಲೇಬೇಕು. ಬ್ಯಾಟರಿ ಬದಲಿಸಲು ಬಾಡಿ ಎತ್ತಿದಾಗ ವೈರ್ ಕಿತ್ತು ಬರುವುದು ತಪ್ಪುತ್ತದೆ. ಪ್ಲಾಸ್ಟಿಕ್ ಬಾಡಿ ತೆಳುವಾಗಿದ್ದರೆ ಬಾನೆಟ್ ತುಂಬಾ ಬೆಳಕು ಸೋರುತ್ತದೆ, ಲೈಟಿನ ಸುತ್ತ ಒಳಗಡೆಯಿಂದ ಕಪ್ಪು ಬಣ್ಣ ಬಳಿಯಿರಿ. ಬಣ್ಣ ಒಣಗಿದ ಮೇಲೆ ಎಲ್‌ಇಡಿಯನ್ನು ಹಾಟ್ ಗ್ಲೂನಿಂದ ಕೂರಿಸಿ.

ವೈರ್‌ಗಳನ್ನು ಕಟ್ಟುವ ಮುಂಚೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಒತ್ತಿ ನೋಡಿ. ಟೈರ್‌ಗಾಗಲಿ ಗೇರ್‌ಗಾಗಲಿ ಎಲ್ಲೂ ತಾಗುತ್ತಿಲ್ಲ ಅಂದರೆ ಜಿಪ್ ಟೈ ಬಿಗಿದು, ಬಾಡಿ ಕ್ಲಿಪ್ ಹಾಕಿ.