ಸಸೂನ್ ಡಾಕ್‌ನಲ್ಲಿ ಚಿತ್ರೀಕರಣ: ಬಂದರಿನ ವೇಳೆಗೆ ಒಗ್ಗಿಕೊಳ್ಳುವ ಬಗೆ

ಕೊಲಾಬಾದ ಸಸೂನ್ ಡಾಕ್‌ನಲ್ಲಿ ಕಿರುಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೆಗೆಯಲು ಹೊರಡುವ ಮುಂಬಯಿಯ ಕನ್ನಡ ತಂಡಗಳು ಮೊದಲು ಮನಗಾಣಬೇಕಾದ ಸಂಗತಿಯೊಂದಿದೆ. 1875ರಲ್ಲಿ ಸಸೂನ್ ಕುಟುಂಬ ಕಟ್ಟಿಸಿದ ಈ ಧಕ್ಕೆಯಲ್ಲಿ ಇಂದಿಗೂ ನಸುಕಿನಿಂದಲೇ ಮೀನಿನ ವ್ಯಾಪಾರ ನಡೆಯುತ್ತದೆ. ನಮ್ಮ ಶಾಟ್‌ಗಾಗಿ ಇಲ್ಲಿ ಯಾರೂ ಬುಟ್ಟಿ ಹೊತ್ತು ನಿಂತುಕೊಳ್ಳುವುದಿಲ್ಲ.

ಜಾಗ ಮುಂಬಯಿ ಬಂದರು ಪ್ರಾಧಿಕಾರದ್ದಾದ್ದರಿಂದ ಅದರ ಲಿಖಿತ ಅನುಮತಿ ಕೈಯಲ್ಲಿರಬೇಕು. ನೌಕಾಪಡೆಯ ನೆಲೆಗಳು ಪಕ್ಕದಲ್ಲೇ ಇರುವುದರಿಂದ ಡ್ರೋನ್‌ನ ಆಸೆಯನ್ನು ಬಿಡುವುದೇ ಕ್ಷೇಮ.

ದಿನ ಗೊತ್ತುಮಾಡುವ ಮುನ್ನ ಪಂಚಾಂಗವನ್ನೂ ಉಬ್ಬರವಿಳಿತದ ಪಟ್ಟಿಯನ್ನೂ ಜೊತೆಗಿಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಲಂಗರು ಹಾಕಿದ ದೋಣಿಗಳು ಸಿಕ್ಕಾವೇ ಹೊರತು ಹರಾಜಿನ ಗದ್ದಲ ಸಿಗದು. ಮುಂಬಯಿ ಕಡಲಿನಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವೇಳುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ 4 ಮೀಟರ್ ದಾಟುವುದುಂಟು. ಉಬ್ಬರದಲ್ಲಿ ಕಟ್ಟೆಯ ಅಂಚಿಗೆ ಬಂದು ನಿಲ್ಲುವ ದೋಣಿ ಇಳಿತದಲ್ಲಿ ಆಳಕ್ಕೆ ಕುಸಿದು, ಮೇಲಿನಿಂದ ಅದರ ಬಾವುಟ ಮತ್ತು ಕ್ಯಾಬಿನ್ನಿನ ಮಾಡು ಮಾತ್ರ ಕಾಣುವಂತಾಗುತ್ತದೆ. ಒಂದೇ ದೃಶ್ಯವನ್ನು ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ ತೆಗೆದರೆ ಸಂಕಲನದ ಮೇಜಿನಲ್ಲಿ ಅವು ಎರಡು ಬೇರೆ ಬಂದರುಗಳಂತೆ ತೋರುವುದು ಇದರಿಂದಲೇ.

ಹರಾಜಿನ ದೃಶ್ಯ ಬೇಕಿದ್ದರೆ ಬೆಳಕು ಹರಿಯುವ ಮೊದಲೇ ಒಳಗಿರಬೇಕು. ಟ್ರೈಪಾಡ್ ಬೇಡ, 'ಬಾಜೂಲಾ, ಬಾಜೂಲಾ' (ಮರಾಠಿಯಲ್ಲಿ 'ಪಕ್ಕಕ್ಕೆ, ಪಕ್ಕಕ್ಕೆ') ಎಂದು ಕೂಗುತ್ತ ಬರುವ ಕೈಗಾಡಿಗೆ ಅದು ಅಡ್ಡಿಯಾದೀತು. ಮೀನುಗಾರ ಕೋಳಿ ಸಮುದಾಯದ ಹೆಂಗಸರನ್ನು ಕ್ಯಾಮೆರಾದಲ್ಲಿ ಹಿಡಿಯುವ ಮುನ್ನ 'ಮಾವಶಿ' (ಮರಾಠಿಯಲ್ಲಿ ಚಿಕ್ಕಮ್ಮ) ಎಂದು ಕರೆದು, ಕೇಳಿ, ಒಪ್ಪಿಗೆ ಪಡೆಯಿರಿ. ವ್ಯಾಪಾರ ಕುದುರುತ್ತಿರುವಾಗಲಂತೂ ಮಾತಾಡಿಸಲೇಬೇಡಿ. ಸಿಗಡಿ ಸುಲಿಯುವವರ ಸಾಲು ಮಾತ್ರ ನಿಧಾನದ ಕ್ಯಾಮೆರಾಕ್ಕೆ ಹೇಳಿಮಾಡಿಸಿದ ಜಾಗ. ತಲೆ ಮುರಿದು, ಸಿಪ್ಪೆ ಜಾರಿಸಿ, ತಿರುಳನ್ನು ಬೋಗುಣಿಗೆ ಎಸೆಯುವ ಬೆರಳುಗಳ ವೇಗವನ್ನು ಹತ್ತಿರದಿಂದ ನೋಡಿದಾಗಲೇ ಆ ದುಡಿಮೆಯ ಅಂದಾಜಾಗುವುದು.

ಧ್ವನಿಯನ್ನು ಬೇರೆಯಾಗಿಯೇ ದಾಖಲಿಸಿಕೊಳ್ಳಿ, ಏಕೆಂದರೆ ಡೀಸೆಲ್ ಎಂಜಿನ್, ಕಾಗೆ, ಮಂಜುಗಡ್ಡೆ ಪುಡಿಮಾಡುವ ಯಂತ್ರ ಇವುಗಳ ನಡುವೆ ಸಂಭಾಷಣೆ ಕೇಳಿಸುವುದಿಲ್ಲ. ನೆಲ ಸದಾ ಜಾರುವುದರಿಂದ ಇಡೀ ತಂಡಕ್ಕೆ ಗಂಬೂಟು ಕಡ್ಡಾಯ. ಲೆನ್ಸ್ ಮೇಲೆ ಕೂರುವ ಉಪ್ಪುನೀರಿನ ಹನಿಯನ್ನು ಒಣಬಟ್ಟೆಯಿಂದ ಉಜ್ಜಬಾರದು; ಗಾಜಿಗೆ ಗೀರು ಬಿದ್ದೀತು. ಲೆನ್ಸ್‌ಗೆಂದೇ ಇರುವ ದ್ರಾವಣದಲ್ಲಿ ನೆನೆಸಿದ ಮೃದು ಬಟ್ಟೆಯಿಂದ ಮೆಲ್ಲನೆ ಒತ್ತಿ ತೆಗೆಯಿರಿ.