ಮಗುವಿಗೆ ಮಾತಿನ ಥೆರಪಿ ಹುಡುಕುತ್ತಿದ್ದೀರಾ? ಮೊದಲು ಕಿವಿ ತೋರಿಸಿ

ಕರೆದರೆ ತಿರುಗುತ್ತದೆ, ಹಾಡು ಕೇಳುತ್ತದೆ ಅಂತ ಶ್ರವಣ ಪರೀಕ್ಷೆ ಬಿಡಬೇಡಿ. ಕಿವಿಯ ಪರದೆಯ ಹಿಂದೆ ನೀರು ತುಂಬಿದ್ದರೆ ಮಗುವಿಗೆ ಒಂದು ದಿನ ಸರಿಯಾಗಿ ಕೇಳಿಸುತ್ತದೆ, ಇನ್ನೊಂದು ದಿನ ಇಲ್ಲ. ಹೊರಗಿನಿಂದ ಇದು ಗೊತ್ತೇ ಆಗುವುದಿಲ್ಲ.

2 ವರ್ಷ ತುಂಬಿದರೂ 50 ಪದ ಇಲ್ಲ, ಎರಡು ಪದ ಜೋಡಿಸುತ್ತಿಲ್ಲ ಅಂದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಅಂತ ಮನೆಯವರು ಹೇಳುತ್ತಾರೆ, ಅಲ್ವಾ? ಕೆಲವು ಮಕ್ಕಳು ತಾವಾಗಿಯೇ ಸರಿಹೋಗುವುದು ನಿಜ. ಯಾವ ಮಗು ಅಂತ ಮೊದಲೇ ಹೇಳುವುದು ಕಷ್ಟ.

ಕೇಂದ್ರ ಆರಿಸುವಾಗ ನಾನು ಮೊದಲು ಕೇಳುವುದು ಇದನ್ನೇ: 'ನಾನೂ ಒಳಗೆ ಕೂತು ಕಲಿಯಬಹುದಾ?' ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುವ ಕಡೆ ನನಗೆ ಮನಸ್ಸು ಒಪ್ಪುವುದಿಲ್ಲ. ವಾರಕ್ಕೆ ಅರ್ಧ ಗಂಟೆ ಅಲ್ಲಿ, ಉಳಿದದ್ದೆಲ್ಲ ಮನೆಯಲ್ಲಿ ತಾನೇ? ಮಗು 'ಚೆಂಡು' ಅಂದರೆ ನೀವು 'ಚೆಂಡು ಉರುಳಿತು' ಅನ್ನಿ. ಆಮೇಲೆ ಮನಸ್ಸಿನಲ್ಲೇ ಐದು ಎಣಿಸುತ್ತಾ ಕಾಯಿರಿ. ಈ ಕಾಯುವುದೇ ಜಾಸ್ತಿ ಕಷ್ಟ. 'ಹೇಳು, ಹೇಳು' ಅಂತ ಒತ್ತಾಯ ಮಾತ್ರ ಬೇಡ.

ಥೆರಪಿಯಲ್ಲಿ ಬರೀ ಊದಿಸುವುದು, ನಾಲಿಗೆ ಆಡಿಸುವುದು ಮಾಡಿಸುತ್ತಿದ್ದರೆ ಯಾಕೆ ಅಂತ ಕೇಳಿ. ಅದರಿಂದ ಪದಗಳು ಹೆಚ್ಚುವುದಿಲ್ಲ. ಮನೆಮಾತನ್ನೂ ಬಿಡಬೇಡಿ, ಎರಡು ಭಾಷೆ ಕೇಳುವುದರಿಂದ ಈ ತೊಂದರೆ ಬರುವುದಿಲ್ಲ.

ಹೋಗುವ ಮುಂಚೆ ಮಗು ಆಡುವಾಗಿನ ಎರಡು ಮೂರು ವಿಡಿಯೋ ಮಾಡಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡುವುದಿಲ್ಲ.