ಹಳೇ ಕಂಡೆನ್ಸರ್ ಮೈಕ್ ಮಾರುವ ಮುಂಚೆ ಮೌನವನ್ನು ರೆಕಾರ್ಡ್ ಮಾಡಿ

ಕಂಡೆನ್ಸರ್ ಮೈಕ್ ಅಂದರೆ ರೆಕಾರ್ಡಿಂಗಿಗೆ ಬಳಸುವ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್. ಅದನ್ನು ಮಾರುವ ಮುಂಚೆ ಹೊಸದರ ಹಾಗೆ ಕಾಣಲಿ ಅಂತ ಮೈಕನ್ನೇ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಗೆಳೆಯರೊಬ್ಬರು ಜಾಲರಿ ಬಿಚ್ಚಿ, ಒಳಗಿನ ಚಿನ್ನದ ಬಣ್ಣದ ಪೊರೆಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರು. ಅದು ಕೂದಲಿಗಿಂತ ಎಷ್ಟೋ ತೆಳು. ಮೈಕ್ ಅಲ್ಲಿಗೇ ಮುಗಿಯಿತು. ಹೊರಗಿನ ಮೈ ಮಾತ್ರ ಒಣ ಬಟ್ಟೆಯಲ್ಲಿ ಒರೆಸಿ. ಜಾಲರಿ ಬಿಚ್ಚಬೇಡಿ, ಬಾಯಿಂದ ಊದಲೂ ಬೇಡಿ.

ಬಾಕ್ಸ್, ಶಾಕ್ ಮೌಂಟ್ (ಅದುರು ತಾಗದಂತೆ ಮೈಕ್ ಹಿಡಿಯುವ ಚೌಕಟ್ಟು), ಬಿಲ್ಲು ಹುಡುಕಿಡಿ. ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ, ಗೀರುಗಳೂ ಕಾಣಲಿ.

ಎಲ್ಲರೂ ಎಡವುವುದು ಕೊಳ್ಳುವವರಿಗೆ ಕಳಿಸುವ ಸ್ಯಾಂಪಲ್ ರೆಕಾರ್ಡಿಂಗ್‌ನಲ್ಲಿ. ರಿವರ್ಬ್ (ಗುಂಯ್‌ಗುಡುವ ಪ್ರತಿಧ್ವನಿ) ತುಂಬಿದ ಹಾಡು ಕಳಿಸುತ್ತಾರೆ. ಅದರಿಂದ ಮೈಕ್ ಹೇಗಿದೆ ಅಂತ ಏನೂ ಗೊತ್ತಾಗುವುದಿಲ್ಲ. ರಾತ್ರಿ ಫ್ಯಾನ್, ಫ್ರಿಜ್ ಆಫ್ ಮಾಡಿ ಕುಳಿತುಕೊಳ್ಳಿ. ಮೊದಲು ಕೇಬಲ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್) ಹಾಕಿ. ಹತ್ತು ನಿಮಿಷ ಸುಮ್ನೆ ಬಿಡಿ. ಮೈಕಿನ ಮುಂಭಾಗ ಯಾವುದು ಅಂತ ನೋಡಿಕೊಳ್ಳಿ. ರೋಡ್ (Rode) ಕಂಪನಿಯ ಎನ್‌ಟಿ1-ಎ ಆದರೆ ಚಿನ್ನದ ಚುಕ್ಕೆ ಇರುವ ಕಡೆ. ಇಂಥ ಮೈಕಿನ ತುದಿಗೆ ಬಾಯಿಟ್ಟು ಹಾಡುವವರು ಜಾಸ್ತಿ, ದನಿ ಮಂಕಾಗುತ್ತದೆ. ಒಂದು ಗೇಣು ದೂರದಿಂದ ಹಾಡಿ, ಗೇನ್ (ದನಿ ಎಷ್ಟು ಜೋರಾಗಿ ದಾಖಲಾಗಬೇಕು ಅನ್ನುವ ಮಟ್ಟ) ಸರಿಮಾಡಿ. ಆಮೇಲೆ ಗೇನ್ ಮುಟ್ಟದೆ ಮೂವತ್ತು ಸೆಕೆಂಡ್ ಮೌನ. ಕೊನೆಗೆ ಮೈಕಿನ ಹಿಂದೆ ನಿಂತು ಅದೇ ಸಾಲು ಹಾಡಿ. ಕಾರ್ಡಿಯಾಯ್ಡ್, ಅಂದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಮೈಕಾದರೆ ದನಿ ಚೆನ್ನಾಗಿ ಕುಗ್ಗಬೇಕು.

ಈಗ ಹೆಡ್‌ಫೋನ್ ಹಾಕಿ ಆ ಮೌನ ಕೇಳಿ. ಒಂದೇ ಸಮನೆ ಸಣ್ಣ ಸುಯ್ ಸದ್ದು ಇದ್ದರೆ ಹೆದರಬೇಡಿ. ಎನ್‌ಟಿ1-ಎ ಮೈಕಿನ ಸ್ವಂತ ಸದ್ದು 5 ಡೆಸಿಬೆಲ್, ಆಡಿಯೊ-ಟೆಕ್ನಿಕಾ ಎಟಿ2020ದು 20. ಎರಡನೆಯದರಲ್ಲಿ ಸುಯ್ ಜಾಸ್ತಿ ಕೇಳುವುದು ಸಹಜ. ಆದರೆ ಚಟಚಟ ಅಂದರೆ ಒಳಗೆ ತೇವ ಸೇರಿರಬಹುದು. ಮಳೆಗಾಲದ ಮಂಗಳೂರು, ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಹೆಚ್ಚು ಅವಕಾಶ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟು ಮತ್ತೆ ರೆಕಾರ್ಡ್ ಮಾಡಿ. ಹೇರ್ ಡ್ರೈಯರ್ ಹಿಡಿಯಲೇಬೇಡಿ. ಆಗಲೂ ಚಟಚಟ ಹೋಗದಿದ್ದರೆ ಜಾಹೀರಾತಿನಲ್ಲೇ ಬರೆಯಿರಿ. ಸಾಫ್ಟ್‌ವೇರ್‌ನಲ್ಲಿ ಅಳಿಸಿ ಕಳಿಸುವುದು ಮೋಸ. ಫೈಲ್ ವೇವ್ (WAV) ರೂಪದಲ್ಲೇ ಇರಲಿ, ವಾಟ್ಸ್ಆ್ಯಪ್ ವಾಯ್ಸ್ ನೋಟ್ ಬೇಡ.

ಬೆಲೆಗೆ ನೀವು ಕೊಟ್ಟ ದುಡ್ಡು ಲೆಕ್ಕವಲ್ಲ, ಇವತ್ತಿನ ಹೊಸ ಬೆಲೆ ನೋಡಿ. ನಾನಂತೂ ಅದರ ಅರ್ಧದಿಂದ ಶುರು ಮಾಡುತ್ತೇನೆ, ಬಾಕ್ಸು ಬಿಲ್ಲು ಇದ್ದರೆ ಸ್ವಲ್ಪ ಮೇಲೆ. ಆನ್‌ಲೈನ್‌ನಲ್ಲಿ ಸ್ಟ್ಯಾಂಡು, ಸ್ಪಂಜು ಸೇರಿಸಿ ಕಾಂಬೊ ಅಂತ ಬರುವ ಅಗ್ಗದ ಮೈಕ್ ಇದ್ದರೆ ಮಾರಲು ಒದ್ದಾಡಬೇಡಿ. ಕಲಿಯುವ ಮಕ್ಕಳಿಗೆ ಕೊಟ್ಟುಬಿಡಿ.

“ದುಡ್ಡು ಬರಬೇಕಾದರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಅಂತ ಕೊಳ್ಳುವವರು ಅಂದರೆ ಮಾತು ಅಲ್ಲೇ ನಿಲ್ಲಿಸಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಕೊಳ್ಳುವವರನ್ನು ಮನೆಗೇ ಕರೆಯಿರಿ, ಅವರದೇ ಹೆಡ್‌ಫೋನಿನಲ್ಲಿ ಕೇಳಲಿ. ಖಾತೆಗೆ ದುಡ್ಡು ಬಂದಮೇಲೆ ಫ್ಯಾಂಟಮ್ ಪವರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಕೇಬಲ್ ತೆಗೆಯಿರಿ. ಬಾಕ್ಸಿಗೆ ಹೊಸ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೊಡಿ.